ಎಂಬತ್ತನೇ ವರ್ಷಕ್ಕೆ ಮೊದಲು ಮನೆಯ ಟ್ರಂಕು ತೆರೆಯಲಿ

ಮಾನ್ಯರೇ,

2027ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂದು 80 ವರ್ಷ ತುಂಬುತ್ತದೆ. 1947ರಲ್ಲಿ ಹತ್ತು ವರ್ಷದ ಹುಡುಗರಾಗಿದ್ದವರಿಗೆ ಆಗ ತೊಂಬತ್ತು. ಅವರ ಬಾಯಿಂದಲೇ ಕೇಳಿ ದಾಖಲಿಸಿಕೊಳ್ಳಲು ಇಂಥ ಸಂದರ್ಭ ಮತ್ತೆ ಸಿಗುವುದಿಲ್ಲ. ಜಿಲ್ಲೆಗಳ ಇತಿಹಾಸ ಸಂಘಗಳು, ಕಾಲೇಜುಗಳ ಇತಿಹಾಸ ವಿಭಾಗಗಳು, ವಸ್ತುಸಂಗ್ರಹಾಲಯಗಳು ಆಗಸ್ಟ್ ಮೊದಲ ವಾರ ಫ್ಲೆಕ್ಸ್ ಕಟ್ಟಿ, ಒಂದು ಭಾಷಣ ಇಟ್ಟು ಕೈತೊಳೆದುಕೊಳ್ಳಬಾರದು. ಈ ವರ್ಷಾಚರಣೆಯಲ್ಲಿ ಪ್ರದರ್ಶನಕ್ಕಿಂತ ಸಂಗ್ರಹ ಮುಖ್ಯ.

ಇಡೀ ಕರ್ನಾಟಕಕ್ಕೆ ಆಗಸ್ಟ್ 15 ಒಂದೇ ಸಾಲದು. ಹಳೇ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ, ಅಂದರೆ ಜನಪ್ರತಿನಿಧಿಗಳ ಆಡಳಿತಕ್ಕಾಗಿ, 'ಮೈಸೂರು ಚಲೋ' ಚಳವಳಿ ಶುರುವಾದದ್ದೇ 1947ರ ಸೆಪ್ಟೆಂಬರಿನಲ್ಲಿ. ಬೀದರ್, ಕಲಬುರಗಿ, ರಾಯಚೂರು ನಿಜಾಮನ ಆಳ್ವಿಕೆಯಿಂದ ಹೊರಬಂದದ್ದು 1948ರ ಸೆಪ್ಟೆಂಬರ್ 17ರಂದು. ಬ್ರಿಟಿಷರ ವಿರುದ್ಧ ಸ್ವತಂತ್ರವೆಂದು ಸಾರಿಕೊಂಡ ಈಸೂರಿಗೆ 1942 ದೊಡ್ಡದು, ಧ್ವಜ ಸತ್ಯಾಗ್ರಹಿಗಳ ಮೇಲೆ ಗೋಲಿಬಾರ್ ನಡೆದ ವಿದುರಾಶ್ವತ್ಥಕ್ಕೆ 1938ರ ಏಪ್ರಿಲ್ 25. ಊರಿನ ದಿನ ಹಿಡಿದು ಕರೆದರೆ ಊರವರು ತಾವಾಗಿ ಬರುತ್ತಾರೆ, ಬರುವಾಗ ಏನಾದರೂ ಹಿಡಿದುಕೊಂಡೇ ಬರುತ್ತಾರೆ.

ಏನು ತರಬಹುದು? ಹೆಚ್ಚಿನವರು ಹಳೇ ಫೋಟೊ, ಹೋರಾಟಗಾರರಿಗೆ ಸರ್ಕಾರ ಗೌರವವಾಗಿ ಕೊಟ್ಟ ತಾಮ್ರಪತ್ರ ಮಾತ್ರ ನೆನೆಯುತ್ತಾರೆ. ಅದಕ್ಕಿಂತ ಬೆಲೆಯುಳ್ಳದ್ದು ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಫೈಲು. ಸ್ವಾತಂತ್ರ್ಯದ ರಜತ ಮಹೋತ್ಸವದ ವರ್ಷ, 1972ರಲ್ಲಿ, ಕೇಂದ್ರದ ಪಿಂಚಣಿ ಯೋಜನೆ ಬಂತು. ಅದಕ್ಕೆ ಜೈಲಿನ ಪ್ರಮಾಣಪತ್ರ ಬೇಕಿತ್ತು, ಅದು ಸಿಗದಿದ್ದರೆ ಜೊತೆಗೆ ಸೆರೆಯಲ್ಲಿದ್ದವರ ಹೇಳಿಕೆ. ಹಾಗಾಗಿ ಯಾವ ಜೈಲು, ಯಾವ ತಾರೀಖು, ಪಕ್ಕದಲ್ಲಿ ಯಾರಿದ್ದರು ಎಂಬುದೆಲ್ಲ ಆ ನಾಲ್ಕಾರು ಹಾಳೆಗಳಲ್ಲಿ ಸಿಗುತ್ತದೆ. ಪಿಂಚಣಿ ನಿಂತ ಮೇಲೆ ಮನೆಯವರು ರದ್ದಿಗೆ ಹಾಕುವುದೂ ಅದನ್ನೇ.

ಇವನ್ನೆಲ್ಲ ತರಿಸಿ ಸ್ಕ್ಯಾನ್ ಮಾಡಿಕೊಳ್ಳುವ ಶಿಬಿರಕ್ಕೆ ಊರಿನ ಶಾಲೆಯ ಒಂದು ಕೋಣೆ, ನಾಲ್ಕು ಮೇಜು, ಕಾಗದವನ್ನು ಗಾಜಿನ ಮೇಲೆ ಇಡುವ ಎರಡು ಫ್ಲಾಟ್‌ಬೆಡ್ ಸ್ಕ್ಯಾನರ್, ಆರು ಜನ ಸಾಕು. ಹಾಳೆ ಎಳೆದುಕೊಳ್ಳುವ ಸ್ಕ್ಯಾನರ್ ಬೇಡ, ಮಡಿಕೆಯಲ್ಲಿ ಸವೆದ ಕಾಗದ ಅದರೊಳಗೆ ಹರಿಯುತ್ತದೆ. ಪತ್ರಕ್ಕೆ 300 ಡಿಪಿಐ (ಒಂದು ಇಂಚಿಗೆ ಇಷ್ಟು ಚುಕ್ಕೆ ಎಂಬ ಲೆಕ್ಕ) ಸಾಕು, ಫೋಟೊಗೆ 600 ಇರಲಿ, ಎರಡೂ ಬಣ್ಣದಲ್ಲೇ, ವಿವರ ಕಳೆಯದೆ ಉಳಿಸುವ ಟಿಫ್ ಫೈಲಿನ ರೂಪದಲ್ಲಿ. 600ರಲ್ಲಿ ಎ4 ಅಳತೆಯ ಒಂದು ಚಿತ್ರ ಸುಮಾರು 100 ಎಂಬಿ ಆಗುತ್ತದೆ, ಡಿಸ್ಕನ್ನು ಆ ಲೆಕ್ಕದಲ್ಲಿ ಕೊಳ್ಳಬೇಕು. ಪ್ರತಿಗಳು ಎರಡು ಬೇರೆ ಊರುಗಳಲ್ಲಿರಲಿ. ವಾಟ್ಸ್ಆ್ಯಪ್‌ನಲ್ಲಿ ತರಿಸಿಕೊಂಡ ಚಿತ್ರ ಸಾಮಾನ್ಯವಾಗಿ ಕುಗ್ಗಿರುತ್ತದೆ, ದೊಡ್ಡದಾಗಿ ಮುದ್ರಿಸಲು ಬಾರದು.

ಸ್ಕ್ಯಾನಿಂಗಿಗಿಂತ ಹೆಚ್ಚು ಹೊತ್ತು ಹಿಡಿಯಬೇಕಾದದ್ದು ವಿವರ ಬರೆದುಕೊಳ್ಳುವ ಮೇಜು. ಫೋಟೊದಲ್ಲಿ ಎಡದಿಂದ ಯಾರ್‍ಯಾರು, ಎಲ್ಲಿ ತೆಗೆದದ್ದು, ಯಾರ ಮನೆಯದು ಎಂಬುದನ್ನು ತಂದವರು ಎದುರಿಗಿರುವಾಗಲೇ ಕೇಳಬೇಕು. ಅವಸರದಲ್ಲಿ ಇದನ್ನು ಬಿಟ್ಟರೆ ಹೆಸರಿಲ್ಲದ ಮುಖಗಳ ರಾಶಿ ಉಳಿಯುತ್ತದೆ. ಪ್ರದರ್ಶಿಸಬಹುದೇ, ಇಂಟರ್ನೆಟ್‌ಗೆ ಹಾಕಬಹುದೇ ಎಂಬ ಒಪ್ಪಿಗೆಗಳನ್ನು ಬೇರೆಬೇರೆಯಾಗಿಯೇ ಪಡೆಯಬೇಕು.

ಮೂಲ ಪ್ರತಿಯನ್ನು ಅದೇ ದಿನ, ಅವರ ಕೈಗೇ ಕೊಡಬೇಕು. 'ಪ್ರದರ್ಶನ ಮುಗಿದ ಮೇಲೆ ಕೊಡುತ್ತೇವೆ' ಎಂದು ಇಸಿದುಕೊಂಡು ಕಳೆದವರಿಂದಾಗಿ ಎಷ್ಟೋ ಮನೆಗಳು ಈಗ ಬಾಗಿಲು ಹಾಕಿಕೊಂಡಿವೆ. ಉಳಿಸುವ ಆಸೆಗೆ ಲ್ಯಾಮಿನೇಷನ್ ಮಾಡಿಸುವುದನ್ನೂ ತಡೆಯಬೇಕು: ಶಾಖಕ್ಕೆ ಅಂಟಿದ ಪ್ಲಾಸ್ಟಿಕ್ಕನ್ನು ಕಾಗದ ಕೆಡಿಸದೆ ಬಿಡಿಸಲಾಗದು. ಸೆಲ್ಲೋಟೇಪಿನ ಗೋಂದು ಹಳದಿಗಟ್ಟಿ ಅಕ್ಷರವನ್ನೇ ತಿನ್ನುತ್ತದೆ.

ಹಿರಿಯರ ಮಾತು ದಾಖಲಿಸುವಾಗ ಫ್ಯಾನ್ ಆರಿಸಿ, ಕಾಲರ್ ಮೈಕ್ ಹಾಕಿ, ಒಂದು ಗಂಟೆಗೆ ನಿಲ್ಲಿಸಿ. 'ಗಾಂಧೀಜಿ ಬಗ್ಗೆ ಹೇಳಿ' ಎಂದರೆ ಶಾಲೆಯ ಪಾಠವೇ ಬರುತ್ತದೆ. 'ಆ ವರ್ಷ ಮನೆಯಲ್ಲಿ ರೇಷನ್ ಏನು ಸಿಗುತ್ತಿತ್ತು, ಬಾವುಟದ ಬಟ್ಟೆ ಯಾರು ಹೊಲಿದರು' ಎಂದು ಕೇಳಿದರೆ ಮನೆಯ ಹೆಂಗಸರೂ ಬಂದು ಕೂರುತ್ತಾರೆ.

ಒಂದು ತಾಲ್ಲೂಕಿಗೆ ಇಂಥ ಎಂಟು-ಹತ್ತು ಶಿಬಿರ ಬೇಕು. ಸೆಕೆಯ ಏಪ್ರಿಲ್, ಮಳೆಯ ಜೂನ್ ಬಿಟ್ಟರೆ ಉಳಿಯುವುದು ನವೆಂಬರ್‌ನಿಂದ ಮಾರ್ಚ್. ಆದ್ದರಿಂದ ಸಂಬಂಧಪಟ್ಟ ಇಲಾಖೆಗಳು ಅನುದಾನವನ್ನು ಜುಲೈನಲ್ಲಲ್ಲ, ಹಿಂದಿನ ದೀಪಾವಳಿಯೊಳಗೇ ಬಿಡುಗಡೆ ಮಾಡಬೇಕೆಂದು ಒತ್ತಾಯಿಸುತ್ತೇವೆ.

— ಇತಿಹಾಸ ಅಧ್ಯಾಪಕರ ಗುಂಪು, ಧಾರವಾಡ