ಸ್ಯಾಂಕ್ಷನ್ ತಾನಾಗಿಯೇ ಮುಗಿಯುವುದಿಲ್ಲ

ಮಾನ್ಯ ಸಂಪಾದಕರೇ,

ಬ್ರಿಟನ್ನಿನಲ್ಲಿ ಯೂನಿವರ್ಸಲ್ ಕ್ರೆಡಿಟ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಮಾಸಿಕ ನೆರವು) ಪಡೆಯುವವರಲ್ಲಿ ‘ಕೆಲಸಕ್ಕೆ ತಯಾರಿ’ ಗುಂಪಿನವರಿದ್ದಾರೆ. ಕಾಯಿಲೆಯಿಂದ ಸದ್ಯಕ್ಕೆ ದುಡಿಯಲಾಗದವರು, ಎರಡು ವರ್ಷದ ಮಗುವನ್ನು ನೋಡಿಕೊಳ್ಳುವ ಹೆತ್ತವರು ಇದರಲ್ಲಿ ಬರುತ್ತಾರೆ. ಇವರು ವರ್ಕ್ ಕೋಚ್ (ನೆರವು ಕೊಡುವ ಇಲಾಖೆಯ ಉದ್ಯೋಗ ಸಲಹೆಗಾರ) ಭೇಟಿ ಅಥವಾ ತರಬೇತಿ ತಪ್ಪಿಸಿ, ಅದಕ್ಕೆ ಸರಿಯಾದ ಕಾರಣ ಕೊಡದಿದ್ದರೆ ಕೆಳಹಂತದ ಸ್ಯಾಂಕ್ಷನ್, ಅಂದರೆ ನೆರವಿನ ಹಣದಲ್ಲಿ ದಂಡದ ಕಡಿತ, ಬೀಳುತ್ತದೆ. ಹೇಗೂ ಏಳು ದಿನದ ಶಿಕ್ಷೆ, ಕಳೆದರೆ ಆಯಿತು ಎಂದು ಸುಮ್ಮನೆ ಕೂರುವವರೇ ಹೆಚ್ಚು ಕಳೆದುಕೊಳ್ಳುತ್ತಾರೆ.

ಈ ಸ್ಯಾಂಕ್ಷನ್‌ಗೆ ಎರಡು ಭಾಗಗಳಿವೆ. ಮೊದಲನೆಯದಕ್ಕೆ ಕೊನೆಯ ದಿನಾಂಕವೇ ಇಲ್ಲ. ತಪ್ಪಿಸಿದ ದಿನದಿಂದ, ಹೇಳಿದ ಕೆಲಸ ಪೂರೈಸಿದ ದಿನದ ಹಿಂದಿನ ದಿನದವರೆಗೂ ಅದು ಬೆಳೆಯುತ್ತಲೇ ಹೋಗುತ್ತದೆ. ಅದಾದ ಮೇಲೆ ನಿಗದಿತ ದಿನಗಳು ಸೇರುತ್ತವೆ: ಮೊದಲ ಸಲ 7, ಒಂದು ವರ್ಷದೊಳಗೆ ಮತ್ತೆ ತಪ್ಪಿದರೆ 14, ಆಮೇಲೆ 28. ಹಿಂದಿನ ತಪ್ಪು ಕಳೆದ 14 ದಿನಗಳೊಳಗೇ ಆಗಿದ್ದರೆ ಈ ಏರಿಕೆಗೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಲೆಕ್ಕ ಹಾಕಿಯೇ ನೋಡೋಣ. 25 ದಾಟಿದ ಒಂಟಿ ವ್ಯಕ್ತಿಗೆ 2025–26ರಲ್ಲಿ ಮೂಲಭತ್ಯೆ ತಿಂಗಳಿಗೆ 400.14 ಪೌಂಡ್, ಅಂದರೆ ಕಡಿತ ದಿನಕ್ಕೆ 13.10 ಪೌಂಡ್. 3ನೇ ತಾರೀಕಿನ ಭೇಟಿ ತಪ್ಪಿ, 5ಕ್ಕೆ ಷರತ್ತು ಪೂರೈಸಿದರೆ 2 ಮತ್ತು 7 ಸೇರಿ 9 ದಿನ, 117.90 ಪೌಂಡ್. ಅದೇ 13ಕ್ಕೆ ಮಾಡಿದರೆ 17 ದಿನ, 222.70 ಪೌಂಡ್. ಬಾಡಿಗೆಯ ಮತ್ತು ಮಕ್ಕಳ ಭಾಗಗಳಿಗೆ ಸ್ಯಾಂಕ್ಷನ್ ನೇರವಾಗಿ ಕೈಹಾಕುವುದಿಲ್ಲ, ನಿಜ. ಆದರೆ ಊಟಕ್ಕೂ ಕರೆಂಟಿಗೂ ಇರುವುದು ಆ ಮೂಲಭತ್ಯೆಯೇ.

ಆದ್ದರಿಂದ ತಪ್ಪಿದ ದಿನವೇ ಆನ್‌ಲೈನ್ ಜರ್ನಲ್‌ನಲ್ಲಿ (ಇಲಾಖೆಯೊಡನೆ ಸಂದೇಶ ಬರೆಯುವ ನಿಮ್ಮ ಖಾತೆಯ ಪುಟ) ಕಾರಣ ಬರೆದು, ‘ಇದು ಮುಗಿಯಲು ನಾನು ನಿರ್ದಿಷ್ಟವಾಗಿ ಏನು ಮಾಡಬೇಕು, ಯಾವಾಗ?’ ಎಂದು ಕೇಳಿ. ಫೋನಿನಲ್ಲಿ ಆಡಿದ ಮಾತನ್ನೂ ಅಲ್ಲೇ ದಾಖಲಿಸಿ. ಉತ್ತರ ಬರುವುದು ತಡವಾದರೆ, ಕೇಳಿದ್ದು ಯಾವತ್ತು ಎಂಬುದಕ್ಕೆ ಮುಂದೆ ಇದೇ ಸಾಕ್ಷಿ. ಹಣ ನಿಲ್ಲಿಸುವ ಇಲಾಖೆ, ನಿಲ್ಲಿಸಿದ್ದು ಕೊನೆಗೊಳ್ಳಲು ಏನು ಮಾಡಬೇಕೆಂಬುದನ್ನು ಪತ್ರದ ಮೊದಲ ಸಾಲಿನಲ್ಲೇ ಬರೆಯಬೇಕು ಎಂಬುದು ನನ್ನ ಒತ್ತಾಯ.

ಇಲಾಖೆಯೇ ಆ ಕೆಲಸವನ್ನು ಕೈಬಿಟ್ಟರೂ ಮೊದಲ ಭಾಗ ನಿಲ್ಲುತ್ತದೆ. ಆರೋಗ್ಯ ಹದಗೆಟ್ಟು, ಕೆಲಸವೂ ತಯಾರಿಯೂ ಸಾಧ್ಯವಿಲ್ಲ ಎಂದು ತೀರ್ಮಾನವಾದರೆ ಕಡಿತ ಸೊನ್ನೆಗೆ ಇಳಿಯುತ್ತದೆ. ಕ್ಲೇಮ್ (ನೆರವಿನ ಅರ್ಜಿ) ಮುಚ್ಚಿ ಹೊಸದು ಹಾಕಿದರೆ ಸ್ಯಾಂಕ್ಷನ್ ಅಳಿಸಿಹೋಗುತ್ತದೆ ಎಂಬ ನಂಬಿಕೆ ಮಾತ್ರ ಸುಳ್ಳು. ಉಳಿದ ದಿನಗಳು ಹಿಂದೆಯೇ ಬರುತ್ತವೆ.

ತೀರ್ಮಾನ ತಪ್ಪೆನಿಸಿದರೆ ‘ಮ್ಯಾಂಡೇಟರಿ ರೀಕನ್ಸಿಡರೇಶನ್’, ಅಂದರೆ ಇಲಾಖೆಯಿಂದಲೇ ಮರುಪರಿಶೀಲನೆ, ಕೇಳಿ. ಅಲ್ಲೂ ಸೋತರೆ ಆ ನೋಟಿಸಿನಿಂದ ಒಂದು ತಿಂಗಳೊಳಗೆ ಟ್ರಿಬ್ಯೂನಲ್‌ಗೆ ಹೋಗಬಹುದು. ನಡುವೆ ಕೈ ಖಾಲಿಯಾದರೆ ಕಡಿತದ ಸುಮಾರು 60 ಶೇಕಡದಷ್ಟು ಹಾರ್ಡ್‌ಶಿಪ್ ಪೇಮೆಂಟ್ (ಕಷ್ಟಕಾಲದ ಹಣ) ಸಿಗುತ್ತದೆ. ಅದು ಸಾಲ, ಮುಂದೆ ಹಿಡಿದುಕೊಳ್ಳುತ್ತಾರೆ. ಅದಕ್ಕೂ ಮೊದಲು ತಪ್ಪಿಸಿದ ಷರತ್ತು ಪೂರೈಸಿರಬೇಕು, ಅರ್ಜಿಯ ಹಿಂದಿನ ಏಳು ದಿನಗಳ ಕೆಲಸಗಳನ್ನೂ ಮಾಡಿರಬೇಕು.