ಉಂಬಳಕ್ಕೊಂದು ಪತ್ರ

ಲೋ ಉಂಬಳ,

ಹೆಂಗಿದೀಯ ಮಾರಾಯ. ಫೋನ್ ಮಾಡಿದ್ರೆ ಡ್ಯೂಟಿ ಅಂತೀಯ, ಮೆಸೇಜ್ ಹಾಕಿದ್ರೆ ಒಂದು ಹೆಬ್ಬೆಟ್ಟು ಒತ್ತಿ ಸುಮ್ನಾಗ್ತೀಯ. ಅದಕ್ಕೇ ಇಲ್ಲಿ ಬರೀತಿದೀನಿ, ನಮ್ಮ ಬ್ಯಾಚಿನವ್ರೂ ಓದ್ಲಿ. ಬಾಳೆಹಣ್ಣಿನ ವಿಷ್ಯ ಎತ್ತಲ್ಲ, ಹೆದರ್ಬೇಡ.

ಹೋದ ವಾರ ಮಗಳನ್ನ ಕರ್ಕೊಂಡು ಶಿವಮೊಗ್ಗದ ನೆಹರು ಸ್ಟೇಡಿಯಂಗೆ ಹೋಗಿದ್ದೆ. 800 ಮೀಟರ್. ಗನ್ ಹೊಡೆದಿದ್ದೇ ತಡ ಮುಂದೆ ಹೋದ್ಲು ನೋಡು, ಮೊದಲ ಸುತ್ತು ಪೂರ್ತಿ ಅವಳದೇ, ಬೆಲ್ ಹೊಡೆದಾಗ ಹಿಂದಿನವ್ರಿಗೂ ಅವಳಿಗೂ ಹತ್ತು ಹೆಜ್ಜೆ ಅಂತರ. ಕೊನೇ ನೂರೈವತ್ತರಲ್ಲಿ ಒಬ್ಬೊಬ್ರಾಗಿ ದಾಟ್ಕೊಂಡು ಹೋದ್ರು, ಇವಳು ಐದನೇಯವಳು. ಗೆರೆ ದಾಟಿದವಳು ಅಲ್ಲೇ ಮಂಡಿ ಊರಿ ಕೂತ್ಬಿಟ್ಲು. ತುಟಿ ಸುಣ್ಣ ಬಳಿದ ಹಂಗೆ ಬೆಳ್ಳಗೆ. ನೀರಿನ ಬಾಟ್ಲಿ ಕೊಟ್ರೆ ಮುಚ್ಚಳ ತಿರುಗಿಸೋಕೆ ಬೆರಳಲ್ಲಿ ಬಲ ಇಲ್ಲ, ನಾನೇ ತೆಗ್ದು ಕುಡಿಸ್ದೆ, ಕುಡಿದಿದ್ದೆಲ್ಲ ವಾಂತಿ ಮಾಡ್ಕಂಡ್ಲು. "ಅಪ್ಪ, ಕಾಲು ನಂದೇ ಅಂತ ಅನ್ನಿಸ್ಲಿಲ್ಲ" ಅಂದ್ಲು.

ಸಮಾಧಾನ ಮಾಡೋಣ ಅಂತ ಬಾಯಿ ತೆಗೆದ್ರೆ ಬಂದಿದ್ದು ಅದೇ ಶ್ರೀರಾಮ್ ಸಿಂಗ್ ಕಥೆ. ಪಿಟಿ ಮೇಷ್ಟ್ರು ಸುಣ್ಣದ ಡಬ್ಬ ಕೈಲಿ ಹಿಡ್ಕೊಂಡೇ ಹೇಳ್ತಿದ್ರಲ್ಲ, 1976ರ ಮಾಂಟ್ರಿಯಲ್ ಒಲಿಂಪಿಕ್ಸ್, 800 ಮೀಟರ್ ಫೈನಲ್, ರಜಪುತಾನಾ ರೈಫಲ್ಸ್‌ನ ನಮ್ಮ ಸೈನಿಕ ಜಗತ್ತಿನ ಘಟಾನುಘಟಿಗಳನ್ನೆಲ್ಲ ಹಿಂದಿಟ್ಕೊಂಡು ಮೊದಲ ಸುತ್ತು 50.85 ಸೆಕೆಂಡಿಗೆ ಮುಗಿಸಿದ್ದು. ಆಮೇಲೆ ಕ್ಯೂಬಾದ ಹುವಾಂಟೊರೆನಾ ದಾಟಿ ಹೋಗಿ 1 ನಿಮಿಷ 43.50 ಸೆಕೆಂಡಲ್ಲಿ ವಿಶ್ವದಾಖಲೆ ಮಾಡ್ದ, ನಮ್ಮವ್ರು ಏಳನೇಯವ್ರಾದ್ರು, 1 ನಿಮಿಷ 45.77. ಆದ್ರೆ ಆ ಏಳನೇ ಸ್ಥಾನದ ಟೈಮನ್ನ ನಮ್ಮ ದೇಶದಲ್ಲಿ 42 ವರ್ಷ ಯಾರ ಕೈಲೂ ಮುರಿಯೋಕಾಗ್ಲಿಲ್ಲ ಮಾರಾಯ! 2018ರಲ್ಲಿ ಗುವಾಹಟಿಲಿ ಜಿನ್ಸನ್ ಜಾನ್ಸನ್ ಮುರಿದಿದ್ದು, ಅದೂ ಬರೀ 0.12 ಸೆಕೆಂಡಲ್ಲಿ.

ಈ ಕಥೆನ ನಾನು ಇಷ್ಟು ವರ್ಷ ನಂದೇ ಕಥೆ ಅನ್ನೋ ಹಂಗೆ ಹೇಳ್ಕೊಂಡು ಬಂದಿದೀನಿ. ಮುಂದೆ ಓಡೋನು ನಾನು, ಹಿಂದೆ ಉಂಬಳದ ಹಂಗೆ, ಅದೇ ಜಿಗಣೆ ಹಂಗೆ ಅಂಟ್ಕೊಂಡು ಬರೋನು ನೀನು, ಮುಂದೆ ಓಡಿದವನು ಸೋಲ್ತಾನೆ, ಅದ್ರಲ್ಲೂ ಒಂದು ಗೌರವ ಇದೆ ಅಂತ. ಅವತ್ತು ಅರ್ಧ ಹೇಳಿ ನಿಲ್ಲಿಸ್ದೆ. ಮಗಳ ಬೆರಳು ಇನ್ನೂ ನಡುಗ್ತಿತ್ತು.

ಶ್ರೀರಾಮ್ ಸಿಂಗ್ ಎರಡನೇ ಸುತ್ತಿಗೆ ಹತ್ತಿರ ಹತ್ತಿರ 55 ಸೆಕೆಂಡು ತಗೊಂಡಿದ್ದು ಮೈಯಲ್ಲಿ ಇದ್ದಿದ್ದೆಲ್ಲ ಮುಗ್ದಿದ್ದಕ್ಕೆ. ನಂಗೆ ಮುಗ್ದಿರ್ಲಿಲ್ಲ ಕಣೋ.

ಜಿಲ್ಲಾ ಮಟ್ಟದ ದಿನ ಕೊನೇ ತಿರುವಲ್ಲಿ ಮೀನಖಂಡ ಹಿಡ್ಕಂಡು ಕುಂಟಿದ್ನಲ್ಲ, ಏನೂ ಆಗಿರ್ಲಿಲ್ಲ. ಆ ವರ್ಷ ಅಪ್ಪಂಗೆ ಸೊಂಟ ನೋವು, ಕೊನೆ ಕೊಯ್ಲಿಗೆ ಜನ ಇಲ್ಲ, ರಾತ್ರಿ ಅಡಿಕೆ ಸುಲಿಯೋಕೆ ಅಮ್ಮ ಒಬ್ಳೇ, ಗೆದ್ದು ಹಾಸ್ಟೆಲ್‌ಗೆ ಹೋಗ್ಬಿಟ್ರೆ ಮನೆ ಗತಿ ಏನು ಅಂತ, ಇದೆಲ್ಲ ನಿಜ, ಆದ್ರೆ ಕಾರಣ ಅದಲ್ಲ. ನಿನ್ನ ಉಸಿರು ಬಲಗಿವಿ ಹತ್ರ ಕೇಳಿಸ್ತು. ಇದ್ದಿದ್ದೆಲ್ಲ ಹಾಕಿ ಓಡಿದ್ರೂ ಇವನು ದಾಟಿಬಿಟ್ರೆ? ಅಷ್ಟೇ ಹೆದರಿಕೆ. ಕೈ ತಾನಾಗೇ ಮೀನಖಂಡಕ್ಕೆ ಹೋಯ್ತು. ನೀನು ಗೆದ್ದು ಕೆನ್ನೆಗೆ ಮಣ್ಣು ಮೆತ್ಕೊಂಡು ಅಂಗಾತ ಬಿದ್ದಿದ್ದೆ, ನಾನು ನೆಟ್ಟಗೆ ನಿಂತು ನಿನ್ನ ಎಬ್ಬಿಸಿದ್ದೆ. ಬಾಟ್ಲಿ ಮುಚ್ಚಳ ತೆಗ್ದು ನಿಂಗೆ ನೀರು ಕುಡಿಸಿದ್ದೂ ನಾನೇ.

ನೀನು ಬೆಂಗಳೂರಿಗೆ ಹೋದೆ, ಯೂನಿವರ್ಸಿಟಿಗೆ ಓಡಿದೆ, ರೈಲ್ವೇಲಿ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಕ್ತು, ಮಂಡಿ ಆಪರೇಷನ್ನೂ ಆಯ್ತು. ಆದ್ರೂ ಗೃಹಪ್ರವೇಶದ ದಿನ ಆ ಹಳೇ ಮೆಡಲ್ ಗೋಡೆಯಿಂದ ತೆಗ್ದು ಎಲ್ರೆದುರು "ಇದು ಇವನಿಗೆ ಸೇರ್ಬೇಕಾಗಿದ್ದು" ಅಂದೆ. ನಾನು ಕಾಫಿ ಲೋಟ ನೋಡ್ತಾ ಸುಮ್ನೆ ನಿಂತಿದ್ದೆ. ಆ ಸುಳ್ಳು ಹೇಳಿದ್ದೂ ಎಲ್ರೆದುರೇ, ಅದಕ್ಕೇ ಇದನ್ನ ವಾಟ್ಸಾಪಲ್ಲಿ ನಿಂಗೊಬ್ಬಂಗೇ ಕಳಿಸೋಕೆ ಮನಸ್ಸು ಒಪ್ಲಿಲ್ಲ. ಮೆಡಲ್ ನಿಂದು ಕಣೋ. ಮೊದಲಿಂದ್ಲೂ ನಿಂದೇ.

ಇಷ್ಟೆಲ್ಲ ಬರೀಬೇಕು ಅಂತ ಕೂತಿರ್ಲಿಲ್ಲ. ಮಗಳ ಶೂ ಸೈಜ್ ಹೇಳೋಕೆ ಶುರು ಮಾಡಿದ್ದು, ಸ್ಪೈಕ್ಸ್ ಐದನೇ ನಂಬರ್, ಅಲ್ಲಿ ಒಳ್ಳೇದು ಸಿಗುತ್ತಲ್ಲ ನೋಡು. ಇಲ್ಲಿ ಮಳೆ ಬಿಡ್ತಾನೇ ಇಲ್ಲ, ತೋಟಕ್ಕೆ ಔಷಧಿ ಹೊಡೆಯೋಕೂ ಬಿಡುವು ಕೊಡ್ತಿಲ್ಲ, ತುಂಗೆ ರಾಮಮಂಟಪ ಮುಟ್ಟೋ ಹಂಗೆ ಹರೀತಿದಾಳೆ. ಎರಡು ದಿನ ರಜೆ ಹಾಕಿ ಬಾರೋ. ಅಮ್ಮ ಕಳಲೆ ನೆನೆಸಿಟ್ಟಿದಾಳೆ, ಕಡುಬು ಮಾಡ್ತಾಳಂತೆ. ಎರಡನೇ ಸುತ್ತು ಓಡೋದು ಹೆಂಗೆ ಅಂತ ಮಗಳಿಗೆ ಹೇಳ್ಕೊಡು.

ಬಾಳೆಹಣ್ಣು ನಾನೇ ತಂದಿಟ್ಟಿರ್ತೀನಿ, ಎಣಿಸಿ.