ಹಳೇ ಟ್ರಂಕಿನ ಕಾಗದ ತೂಕಕ್ಕೆ ಹಾಕಬೇಡಿ

ಮಾನ್ಯ ಸಂಪಾದಕರೇ,

ಅಮೆರಿಕಕ್ಕೆ ವಲಸೆ ಹೋದ ಜಪಾನಿ ಕುಟುಂಬಗಳ ಮನೆಪತ್ರಗಳನ್ನು ಅಲ್ಲಿ ಹೇಗೆ ಕಾಪಾಡುತ್ತಿದ್ದಾರೆ ಅಂತ ಈಚೆಗೆ ಓದಿದೆ. ಸಿಂಧನೂರಿನವನಾದ ನನಗೆ ಬಂಗಾಳಿ ನಿರಾಶ್ರಿತರ ಪುನರ್ವಸತಿ ಶಿಬಿರಗಳಾದ ನಮ್ಮ ಆರ್‌.ಎಚ್. ಕ್ಯಾಂಪ್‌ಗಳು ಕಣ್ಮುಂದೆ ಬಂದವು.

1941ರ ಡಿಸೆಂಬರ್ 7ಕ್ಕೆ ಜಪಾನ್ ಅಮೆರಿಕದ ಪರ್ಲ್ ಹಾರ್ಬರ್ ನೌಕಾನೆಲೆ ಮೇಲೆ ಬಾಂಬ್ ಹಾಕಿತಲ್ಲ, ಅದಾದ ಕೂಡಲೇ ಅಮೆರಿಕದಲ್ಲಿದ್ದ ಜಪಾನಿ ಮನೆಗಳಿಗೆ ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐನವರು ನುಗ್ಗತೊಡಗಿದರು. ಊರಿಂದ ಬಂದ ಪತ್ರ, ಫೋಟೊ, ಪುಸ್ತಕ ಎಲ್ಲವನ್ನೂ ಎಷ್ಟೋ ಜನ ಹೆದರಿ ತಾವೇ ಸುಟ್ಟುಹಾಕಿದರು. 1942ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಆದೇಶದ ಮೇಲೆ ಸುಮಾರು 1.2 ಲಕ್ಷ ಜನರನ್ನು ಶಿಬಿರಗಳಿಗೆ ತುಂಬಿದಾಗ ಕೈಯಲ್ಲಿ ಹೊರುವಷ್ಟೇ ಸಾಮಾನು ಒಯ್ಯಲು ಬಿಟ್ಟರು. ಅವರಲ್ಲಿ ಜಾಸ್ತಿ ಜನ ಅಲ್ಲೇ ಹುಟ್ಟಿದ ಅಮೆರಿಕದ ಪ್ರಜೆಗಳು! ಸರ್ಕಾರದ ಕಡತದಲ್ಲಿ ಒಂದೊಂದು ಕುಟುಂಬಕ್ಕೂ ಒಂದು ನಂಬರ್, ಅಷ್ಟೇ. ಆ ಜನ ಹೇಗೆ ಬದುಕಿದರು ಅನ್ನೋದು ತಿಳಿಯಬೇಕಾದರೆ ಅಳಿದುಳಿದ ದಿನಚರಿ, ಪತ್ರಗಳನ್ನೇ ನೋಡಬೇಕು. ಲಾಸ್ ಏಂಜಲೀಸ್‌ನಲ್ಲಿ ಅದಕ್ಕೇ ಒಂದು ಮ್ಯೂಸಿಯಂ ಇದೆ. ಸಿಯಾಟಲ್‌ನ 'ಡೆನ್ಶೊ' ಸಂಸ್ಥೆ 1996ರಲ್ಲಿ ಶುರುವಾಗಿ, ಮನೆಮಂದಿಯ ಪತ್ರ, ಫೋಟೊಗಳನ್ನು ಸ್ಕ್ಯಾನ್ ಮಾಡಿ ಎಲ್ಲರೂ ನೋಡುವ ಹಾಗೆ ಇಟ್ಟಿದೆ.

ನಮ್ಮಲ್ಲಿ? ಪೂರ್ವ ಪಾಕಿಸ್ತಾನದಿಂದ ಬಂದು ಸಿಂಧನೂರು ತಾಲ್ಲೂಕಿನಲ್ಲಿ ನೆಲೆ ನಿಂತ ಬಂಗಾಳಿ ಕುಟುಂಬಗಳ ಕಾಗದ ಇನ್ನೂ ತಗಡಿನ ಟ್ರಂಕಿನಲ್ಲೇ ಇದೆ. ಪರಿಚಯದ ಒಂದು ಮನೆಯಲ್ಲಿ ನೋಡಿದೆ. ನುಸಿಗುಳಿಗೆ ವಾಸನೆ, ಮಡಿಕೆ ಬಿದ್ದಲ್ಲೆಲ್ಲ ಹರಿದ ಜಮೀನಿನ ಕಾಗದ, ಹಳೇ ರೇಷನ್ ಕಾರ್ಡು, ಬಂಗಾಳಿಯಲ್ಲಿ ಬರೆದ ಇನ್‌ಲ್ಯಾಂಡ್ ಪತ್ರಗಳ ಕಟ್ಟು. ಕನ್ನಡ ಶಾಲೆಗೆ ಹೋದ ಮೊಮ್ಮಕ್ಕಳಿಗೆ ಅದು ಓದಲು ಬರುವುದಿಲ್ಲ. ಅದಿರಲಿ, ನಿಜಾಮರ ಕಾಲದ ಉರ್ದು ಕಾಗದ ಇಟ್ಟುಕೊಂಡ ರಾಯಚೂರು, ಕೊಪ್ಪಳದ ನಮ್ಮವರ ಮನೆಗಳ ಕಥೆ ಬೇರೆಯೇನಲ್ಲ. ಮನೆಗೆ ಸುಣ್ಣ ಬಣ್ಣ ಅಂತ ಬಂದರೆ ಎಲ್ಲಾ ಗುಜರಿಗೆ.

ಕೆಲವರು ಕಾಳಜಿಯಿಂದಲೇ ಕೆಡಿಸುತ್ತಾರೆ. ಝೆರಾಕ್ಸ್ ಅಂಗಡಿಗೆ ಒಯ್ದು ಲ್ಯಾಮಿನೇಷನ್ ಮಾಡಿಸುತ್ತಾರೆ. ದಯವಿಟ್ಟು ಬೇಡ. ಬಿಸಿಗೆ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡಿಸಲಿಕ್ಕೆ ಆಗಲ್ಲ, ಒಳಗೆ ಕಾಗದ ಹಳದಿಯಾಗುವುದೂ ನಿಲ್ಲಲ್ಲ. ಸೆಲ್ಲೊಟೇಪೂ ಬೇಡ. ಮಡಿಕೆ ಬಿಚ್ಚಿ, ಬಿಸಿಲು ತೇವ ತಾಗದ ಕಡೆ ಇಡಿ, ಫೋಟೊ ಹಿಂದೆ ಯಾರು ಎಲ್ಲಿ ಅಂತ ಮೆತ್ತಗೆ ಪೆನ್ಸಿಲ್‌ನಲ್ಲಿ ಬರೆಯಿರಿ.

ಜಿಲ್ಲಾ ಗ್ರಂಥಾಲಯದಲ್ಲಿ ಒಂದು ಸ್ಕ್ಯಾನರ್, ಬಂಗಾಳಿ, ಉರ್ದು ಬಲ್ಲ ಒಬ್ಬಿಬ್ಬರು, ಇಷ್ಟರಿಂದ ಶುರುಮಾಡಬಹುದು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗದವರು ಕೈಜೋಡಿಸಿದರೆ ಇನ್ನೂ ಒಳ್ಳೆಯದು. ಆದರೆ ಒಂದು ಮಾತು. ಪೌರತ್ವದ ಸುದ್ದಿ ಬಂದಾಗೆಲ್ಲ ಕಾಗದಕ್ಕಾಗಿ ತಡಕಾಡಿದ ಜನ ಈ ಬಂಗಾಳಿ ಕುಟುಂಬದವರು, ಸರ್ಕಾರಿ ಜೀಪು ಬಂದು ಕಾಗದ ಕೊಡಿ ಅಂದರೆ ಟ್ರಂಕಿಗೆ ಬೀಗ ಬೀಳುತ್ತದೆ. ಆದ್ದರಿಂದ ಮೂಲಪತ್ರ ಕೇಳಲೇಬೇಡಿ. ಮನೆಯವರ ಎದುರಿಗೇ ಸ್ಕ್ಯಾನ್ ಮಾಡಿ, ಅಲ್ಲೇ ವಾಪಸ್ ಕೊಡಿ, ಯಾವುದನ್ನು ಹೊರಗೆ ತೋರಿಸಬೇಕು ಅನ್ನೋದನ್ನು ಅವರೇ ಹೇಳಲಿ.

– ಒಬ್ಬ ಓದುಗ, ಸಿಂಧನೂರು, ರಾಯಚೂರು ಜಿಲ್ಲೆ